ಸೊನ್ನೆ ತೋರಿಸಿದ ಶೀಶೆ

ಹಳೆಯದಕ್ಕೆ ಸಿಗದಷ್ಟು ಚೂರು ವಿಷವನ್ನೂ ಹಿಡಿಯುವ ಹೊಸ ಯಂತ್ರದ ಪರದೆಯ ಮೇಲೆ ಸೊನ್ನೆ ಕಂಡಾಗ ನೀರು ಪರೀಕ್ಷಿಸುವವಳು ಶೀಶೆಯ ಚೀಟಿಯನ್ನು ಮತ್ತೊಮ್ಮೆ ಓದಿದಳು. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಅದರಿಂದ ಹುಟ್ಟುವ ವಿಷ ಚೂರಾದರೂ ಇರಲೇಬೇಕು. ಶಾಲೆಯ ಟ್ಯಾಂಕಿನದೆಂದು ಬಂದ ಈ ಶೀಶೆಯಲ್ಲಿ ಹೆಸರಿಗೂ ಇರಲಿಲ್ಲ.

ಶೀಶೆ ತುಂಬಿ ತಂದವನು ಅವಳಿಗೆ ಈ ಕೆಲಸದ ಅ ಆ ಇ ಈ ಕಲಿಸಿದ ಹಿರಿಯ. ಹನ್ನೊಂದು ವರ್ಷದಿಂದ ಅವಳ ಬಾಯಲ್ಲಿ ಅಣ್ಣ.

"ಅಣ್ಣಾ, ಇದು ಶಾಲೆ ನೀರಲ್ಲ. ನಿಜ ಹೇಳಿ."

ಅವನು ಶೀಶೆಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತ. "ಅಂಗಡಿ ಬಾಟ್ಲಿ ನೀರಮ್ಮ. ಆ ಟ್ಯಾಂಕಿಗೆ ಅಳತೆಯಿಲ್ದೆ ಕ್ಲೋರಿನ್ ಸುರೀತಾರೆ. ವರದಿ ಕೆಡಬಾರ್ದು ಅಂತ ಮೇಲಿನವರು ಹೇಳಿದ್ರು. ಒಂದು ವರ್ಷದಿಂದ ಹೀಗೇ."

ಆ ವರ್ಷದ ವರದಿಗಳಿಗೆಲ್ಲ ಕಣ್ಣುಮುಚ್ಚಿ ಸಹಿ ಹಾಕಿದವಳು ಅವಳೇ. "ನನ್ನ ಮಗಳು ಅಲ್ಲೇ ಓದೋದು ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿದ್ದಕ್ಕೇ ಅಲ್ವೇನಮ್ಮಾ, ಮಗೂಗೆ ಮನೆಯಿಂದ್ಲೇ ನೀರು ಕೊಟ್ಟು ಕಳಿಸು ಅಂತ ಅಷ್ಟು ಸಲ ಹೇಳಿದ್ದು?"

ಆ ಮಾತಿನಲ್ಲಿ ಅಕ್ಕರೆಯೇ ಇತ್ತು. ಅದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಖಾಲಿ ಶೀಶೆಗಳ ಪೆಟ್ಟಿಗೆ ಎತ್ತಿಕೊಂಡು, ಶಾಲೆಯ ನೀರು ತರಲು ತಾನೇ ಹೊರಟಳು.

"ತಾಳಮ್ಮಾ, ನಾನೂ ಬರ್ತೀನಿ."

"ಬೇಡಿ ಸರ್," ಎಂದಳು.