ಬಾಯೊಳಗಿನ ಮಣ್ಣು

ಕೊನೆಯ ಚಿಪ್ಪಿನ ಬಾಯಿಗೆ ಹೇರ್‌ಪಿನ್ ತೂರಿಸಿ, ಕಚ್ಚಿಕೊಂಡಿದ್ದ ಮಣ್ಣನ್ನು ಕೆರೆದು ತೆಗೆದು, ಹಳೆಯ ಬ್ರಷ್ಷಿನಿಂದ ಉಜ್ಜಿ, ಹೆಂಡತಿ ಅದನ್ನೂ ಉಳಿದವುಗಳ ಜೊತೆ ಟವೆಲ್ಲಿನ ಮೇಲೆ ಬೋರಲು ಹಾಕಿದಳು. ಎಂದೋ ಸತ್ತು ಕಲ್ಲಾದ ಕಡಲ ಬಸವನಹುಳುಗಳು. ಗಂಡ ವಯಸ್ಸಿನಲ್ಲಿದ್ದಾಗಿನಿಂದ ಗುಡ್ಡ, ಕಲ್ಲುಗಣಿ ಅಲೆದು ಆಯ್ದು ತಂದವು.

ಇವನ್ನು ನಮಗೆ ಕೊಡುತ್ತೀರಾ, ಬಂದು ನೋಡುತ್ತೇವೆ ಎಂದು ಮ್ಯೂಸಿಯಂನವರು ಹೋದ ವರ್ಷವೇ ಕಾಗದ ಬರೆದಿದ್ದರು. ಒಂದೊಂದರದೂ ಜಾತಿ, ಸಿಕ್ಕಿದ ಜಾಗ ಗುರುತಿಸದೆ ಉತ್ತರ ಬರೆಯುವುದಿಲ್ಲ ಎಂದು ಗಂಡನ ಹಟ. ಅಷ್ಟರಲ್ಲಿ ಅವನ ಕಣ್ಣೇ ಹೋಯಿತು. ಈಗ ಬೆರಳಿನಲ್ಲೇ ನೋಡುವುದು.

"ಒಂದೊಂದೇ ಕೊಡೇ," ಎಂದು ಕೈ ಚಾಚಿದ. ಚಿಪ್ಪಿನ ಸುತ್ತುಗಳ ಮೇಲೆ ಉಗುರು ಎಳೆದ. "ಉದ್ದ ಬಾಲ, ಗಂಟು ಗಂಟು. ಗೋಪುರದ ಜಾತಿ." ಕಿರುಬೆರಳನ್ನು ಅದರ ಬಾಯಿಗಿಟ್ಟವನು ತಡೆದ. "ಇದು ಯಾಕೆ ಖಾಲಿ?"

"ಪಿನ್ ಹಾಕಿ ತೆಗ್ದೆ ರೀ. ನೋಡೋಕೆ ಬರೋರಿಗೆ ಮಣ್ಣು ತೋರ್ಸೋದಾ?"

ಇನ್ನೊಂದನ್ನು ಎತ್ತಿಕೊಂಡು ನಾಲಿಗೆಗೆ ಮುಟ್ಟಿಸಿದ. ಬರೀ ಸಾಬೂನು.

"ಎಲ್ಲಾನೂ ತೊಳೆದ್ಯಾ?"

"ಹೂಂ. ಅಕ್ಕಿ ತೊಳೆದ ಹಾಗೆ, ನೀರು ತಿಳಿಯಾಗೋವರೆಗೂ."

ಅವನು ಚಿಪ್ಪನ್ನು ಟವೆಲ್ಲಿನ ಮೇಲೆ ವಾಪಸ್ಸಿಟ್ಟ. "ಜಾತಿ ಯಾರು ಬೇಕಾದ್ರೂ ಹೇಳ್ತಾರೆ ಕಣೆ. ಯಾವ ಗುಡ್ಡದ್ದು ಅಂತ ನಂಗೆ ಹೇಳ್ತಿದ್ದದ್ದು ಆ ಮಣ್ಣು. ಒಂದು ಕಡೇದು ಅಂಟು, ಒಂದು ಕಡೇದು ಮರಳು. ಎಲ್ಲಿ ಸಿಕ್ತು ಅಂತ ಗೊತ್ತಿಲ್ದಿದ್ರೆ ಅವರಿಗೆ ಇವು ಬರೀ ಕಲ್ಲು."

"ಒಂದು ಚೀಟಿ ಬರೆದಿಡಬಾರದಿತ್ತಾ?"

"ಚೀಟಿಯಾದ್ರೆ ಹುಳ ತಿನ್ನುತ್ತೆ, ಮಣ್ಣೆಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆ."

"ನಂಗೊಂದು ಮಾತು ಹೇಳಿದ್ರೆ..."

"ನೀನೊಂದು ಮಾತು ಕೇಳಿದ್ರೆ..."

ಅವಳು ಬಚ್ಚಲಿಗೆ ಓಡಿದಳು. ತೂಬಿನ ಬಾಯಲ್ಲಿ ಒಂದು ಹಿಡಿ ಕೆಸರು ಇನ್ನೂ ನಿಂತಿತ್ತು. ಬಾಚಿ ಅಂಗೈಯಲ್ಲಿಟ್ಟುಕೊಂಡಳು. ಅವನು ಹತ್ತಿಳಿದ ಗುಡ್ಡಗಳೆಲ್ಲ ಕಲೆತು ಒಂದೇ ಬಣ್ಣವಾಗಿದ್ದವು.

ಮರುದಿನ ಗಂಡ ಕಾಗದ ತರಲು ಹೇಳಿದ. "ಬರಿ. ಕಣ್ಣು ಹೋದ ಮೇಲೆ ನಾನೇ ಎಲ್ಲ ಹಾಳುಮಾಡಿಬಿಟ್ಟೆ. ತಾವು ಬರೋ ಶ್ರಮ ತಗೋಬೇಡಿ."

"ಮಾಡಿದ್ದು ನೀವಲ್ಲವಲ್ಲ."

"ನಮ್ಮನೇಲಿ ಯಾರು ಏನು ತೊಳೀತಾರೆ ಅನ್ನೋದು ಮ್ಯೂಸಿಯಂನೋರಿಗ್ಯಾಕೆ? ಬರಿಯೇ."

ಬರೆದಳು. ಅದರ ಕೆಳಗೆ, ಅವನಿಗೆ ಹೇಳದೆ, ತನ್ನದೊಂದು ಸಾಲು ಸೇರಿಸಿದಳು: 'ತೊಳೆದವಳು ನಾನು. ಇವರದೇನೂ ತಪ್ಪಿಲ್ಲ.' ಆಮೇಲೆ ಅವನ ಕೈಗೆ ಪೆನ್ನು ಕೊಟ್ಟು, ಬೆರಳು ಹಿಡಿದು ಸಹಿ ಹಾಕುವ ಜಾಗ ತೋರಿಸಿದಳು. ಒತ್ತಿ ಬರೆಯುವ ಕೈ. ಶುರುಮಾಡುವಾಗಲೇ ಮೇಲಕ್ಕೆ ಜಾರಿತು. ಅವನ ಉದ್ದನೆಯ ಸಹಿ ನೇರವಾಗಿ ಅವಳ ಸಾಲಿನ ಮೇಲೆಯೇ ಹರಿದು, ಒಂದಕ್ಷರವನ್ನೂ ಓದಗೊಡದೆ ಹೊಡೆದುಹಾಕಿತು.

ಇನ್ನೊಂದು ಹಾಳೆ ಮೇಜಿನ ಮೇಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಇದನ್ನೇ ಮಡಚಿ, ಲಕೋಟೆಗೆ ಅಂಟು ಬಳಿದು, ಅಂಚೆಡಬ್ಬಿಗೆ ಹಾಕಿ ಬಂದಳು.