ಫೈಲ್ ಹಿಡಿದು ಬಂದ ವರ

“ತಾಳಿ ಕಟ್ಟೋಕೆ ಬಂದೋರು ಆಸ್ಪತ್ರೆ ಫೈಲ್ ಹಿಡ್ಕೊಂಡು ಬರ್ತಾರೇನ್ರೀ?”

ದಾಕ್ಷಾಯಣಿ ಕೇಳಿದಳು. ರವೀಶ್ ಫೈಲನ್ನು ಕಂಕುಳಿಗೆ ಒತ್ತಿಕೊಂಡು ಕುಣಿಗಲ್ಲಿನ ಆ ಮನೆಯ ಜಗಲಿಯಲ್ಲಿ ಕುಳಿತೇ ಇದ್ದ. ಇಬ್ಬರಿಗೂ ವಿಚ್ಛೇದನವಾಗಿ ಆರು ವರ್ಷ. ಈ ತಿಂಗಳು ಅವನು ಗುಬ್ಬಿಯಿಂದ ಬಂದದ್ದು ಇದು ನಾಲ್ಕನೆಯ ಸಲ.

“ಆರು ವರ್ಷ ಎಲ್ಲಿತ್ತು ಪ್ರೀತಿ? ಗಂಡ ಹೆಂಡ್ತಿ ಅಂತಾದ್ರೆ ಕಿಡ್ನಿ ಕಾಗದ ಸಲೀಸು ಅಂತ ಡಾಕ್ಟರು ಹೇಳಿದ್ಮೇಲೆ ತಾನೇ ಬಂದಿದ್ದು?”

“ಹೌದು,” ಎಂದ ರವೀಶ್. ಸುಳ್ಳಿಗೆ ಸಮಯವಿರಲಿಲ್ಲ.

ತುಮಕೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ರಕ್ತ ಹೊಂದುತ್ತದೆ, ಅಂಗಾಂಶ ಹೊಂದುತ್ತದೆ; ಹೊಂದದಿರುವುದು ಸಂಬಂಧ ಮಾತ್ರ. ಗಂಡ ಹೆಂಡತಿಯಾದರೆ ಆಸ್ಪತ್ರೆಯ ಸಮಿತಿಯಿಂದಲೇ ಒಪ್ಪಿಗೆ ಸಿಗುತ್ತದೆ. ಬಿಟ್ಟವರೆಂದರೆ ಹೊರಗಿನವರು, ಕಡತ ಬೆಂಗಳೂರಿಗೆ ಹೋಗಬೇಕು, ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ತಿಂಗಳುಗಳು ಉಳಿದಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಹನಿ ಹನಿ ಅಳೆದು ಬದುಕಿದ ರವೀಶನಿಗೆ ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್ ಅಂಕಿಗಳೆಲ್ಲ ತಾರೀಖಿನ ಸಮೇತ ಬಾಯಿಪಾಠ. ಒಂದರ ಆಸುಪಾಸು ಇರಬೇಕಾದದ್ದು ಮೊನ್ನೆ ಒಂಬತ್ತು ದಾಟಿತ್ತು. ಅವನು ಸರಿಯಾಗಿ ಮಲಗಿ ವಾರವಾಗಿತ್ತು.

ಒಳಗಿನಿಂದ ಅವಳ ತಮ್ಮ ಸಂಗಮೇಶ್ ಬಂದ. ರವೀಶನ ಮೊಣಕೈ ಒಳಬದಿಯ ಸೂಜಿಗುರುತುಗಳ ಮೇಲೆ ಅವನ ಕಣ್ಣು ನಿಂತಿತು.

“ನಂಗೆ ಶುಗರ್ ಇಲ್ದಿದ್ರೆ ನಿಮ್ಮನ್ನ ಈ ಹೊಸಿಲು ತುಳಿಯೋಕೂ ಬಿಡ್ತಿರ್ಲಿಲ್ಲ ಭಾವ.”

“ಗೊತ್ತು ಸಂಗಮೇಶ. ಬಯ್ಯಿ. ಬೈದಾದ್ಮೇಲೆ ನಿಮ್ಮಕ್ಕನ್ನ ಒಪ್ಸು.”

ಬೀದಿಯಲ್ಲಿ ಎಳನೀರಿನ ಗಾಡಿ ನಿಂತಿತು. “ಅಕ್ಕಾ, ಕೊಚ್ಚಲಾ?”

“ಬೇಡ, ಹೋಗಪ್ಪ!” ರವೀಶ್ ಗದರಿದ.

“ಇಂಥ ಬಿಸಿಲಲ್ಲಿ ಹೆಂಡ್ತಿಗೆ ಒಂದು ಎಳನೀರು ಕೊಡ್ಸೋಕೂ ಕೈ ಬರಲ್ವಾ ಸ್ವಾಮಿ?”

“ಹೆಂಡ್ತಿ ಅಲ್ಲ ಕಣಪ್ಪ,” ಎಂದಳು ದಾಕ್ಷಾಯಣಿ. ಗಾಡಿ ಮುಂದೆ ಹೋಯಿತು. ಅವಳು ತುಂಬುತೋಳಿನ ರವಿಕೆಯ ಮೇಲೆ ಸೆರಗು ಎಳೆದುಕೊಂಡಳು.

“ಮಕ್ಕಳಾಗದ್ದು ನನ್ನಿಂದ ಅಂತ ಊರೆಲ್ಲ ಆಡ್ಕೊಂಡಾಗ ಸುಮ್ನಿದ್ರಿ. ನಿಮ್ಮ ರಿಪೋರ್ಟು ನಿಮ್ಮ ಬೀರುನಲ್ಲೇ ಇತ್ತು. ಆ ಬಾಯಲ್ಲಿ ಈಗ ‘ಬಾ’ ಅಂದ್ರೆ ಬಂದ್ಬಿಡ್ಬೇಕಾ?”

ರವೀಶ್ ಫೈಲನ್ನು ಜಗಲಿಯ ಮೇಲಿಟ್ಟ. “ಆಪರೇಶನ್ ಆದ್ಮೇಲೆ ಬೇಕಾದ್ರೆ ಮತ್ತೆ ಬಿಟ್ಬಿಡು. ಈಗ್ಲೇ ಸೈನ್ ಹಾಕಿ ಕೊಡ್ತೀನಿ. ಆದ್ರೆ ಸೋಮವಾರ ಸಮಿತಿ ಕೂರುತ್ತೆ, ಅಷ್ಟರೊಳಗೆ ಮದುವೆ ಕಾಗದ ಬೇಕು ದಾಕ್ಷಾ. ಒಂದು ಜೀವದ ವಿಷ್ಯ ಕಣೇ.”

“ಅಂದ್ರೆ ಕಿಡ್ನಿಗೆ ಮಾತ್ರಾನಾ ಮದುವೆ?”

“ಅದಕ್ಕಿಂತ ಜಾಸ್ತಿ ಕೇಳೋ ಮುಖ ನಂಗೆಲ್ಲಿದೆ?”

ಸಂಗಮೇಶ್ ಏನೋ ಹೇಳಹೋದಾಗ ದಾಕ್ಷಾಯಣಿ ಕೈಯೆತ್ತಿ ತಡೆದಳು.

“ಬಿಟ್ಟು ಹೋಗೋ ಹಾಗಿದ್ರೆ ಕಟ್ಬೇಡಿ. ಇರೋ ಹಾಗಿದ್ರೆ ಮಾತ್ರ ಕಟ್ಟಿ.”

ರವೀಶ್ ಜಗಲಿಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಶುಕ್ರವಾರ ಗುಬ್ಬಿಯ ಮಠವೊಂದರಲ್ಲಿ ಹತ್ತು ಜನರೆದುರು ತಾಳಿ ಕಟ್ಟಿದ. ಸ್ವಾಮಿಗಳು ಇಬ್ಬರ ಹಣೆಗೂ ವಿಭೂತಿ ಇಟ್ಟರು. ಅಲ್ಲಿಂದ ನೇರ ನೋಂದಣಿ ಕಚೇರಿಗೆ. ತಾಳಿ ಕಟ್ಟುವಾಗ ಹಿಂದಿನ ಸಾಲಿನಲ್ಲಿ ನೆಂಟರು ಪಿಸುಗುಟ್ಟಿದ್ದು ರವೀಶನ ಕಿವಿಗೂ ಬಿತ್ತು: “ಕಿಡ್ನಿಗೋಸ್ಕರ ಕಣೇ. ಕೆಲಸ ಆದ್ಮೇಲೆ ನೋಡು, ಇಬ್ರೂ ಒಂದೊಂದು ದಾರಿ.”

ಸೋಮವಾರ ತುಮಕೂರಿನ ಆಸ್ಪತ್ರೆ. ಸಮಿತಿಯ ಕೋಣೆಯ ಹೊರಗೆ ಮೂವರೂ ಬೆಂಚಿನ ಮೇಲೆ ಕುಳಿತಿದ್ದರು. ಬಾಗಿಲು ತೆರೆದು ಹೆಂಗಸೊಬ್ಬರು ಹೊರಗೆ ಇಣುಕಿದರು.

“ಕಿಡ್ನಿ ಕೊಡೋರು ಒಬ್ರೇ ಒಳಗೆ ಬನ್ನಿ. ಬಲವಂತ ಇಲ್ಲ ಅಂತ ಅವ್ರ ಬಾಯಿಂದಾನೇ ಕೇಳ್ಬೇಕು.”

ದಾಕ್ಷಾಯಣಿ ಕದಲಲಿಲ್ಲ. ಸಂಗಮೇಶ್ ನೆಲ ನೋಡುತ್ತ ಕುಳಿತ. ಹೆಂಗಸು ಮತ್ತೊಮ್ಮೆ ಕರೆದರು.

“ಆಮೇಲೆ ಬೇಡ ಅನ್ನಿಸೋ ಹಾಗಿದ್ರೆ ಈಗ್ಲೇ ಹೇಳ್ಬಿಡಿ,” ದಾಕ್ಷಾಯಣಿ ಪಿಸುಗುಟ್ಟಿದಳು. “ವಾರಕ್ಕೆ ಮೂರು ಸಲ ಡಯಾಲಿಸಿಸ್ ನಂಗೆ ಅಭ್ಯಾಸ ಆಗೋಗಿದೆ.” ರವೀಶ್ ಅವಳ ಕೈಯನ್ನೊಮ್ಮೆ ಒತ್ತಿ, ಎದ್ದು ಒಳಗೆ ಹೋದ.