ಮಧ್ಯಾಹ್ನದ ಶವಾಸನ

ಊಟದ ಪಾತ್ರೆ ತೊಳೆದಿಟ್ಟು ವಾರಿಜಾ ಕೊಂಚ ಅಡ್ಡಾದರೆ ಸಾಕು, "ಹಾಡುಹಗಲೇ ಮಲಗೋ ಹೆಂಗಸರಿಂದ ಮನೆ ಉದ್ಧಾರ ಆದ ಹಾಗೇ" ಎಂದು ಅತ್ತೆ ಬಾಗಿಲಲ್ಲೇ ಶುರುಮಾಡುತ್ತಿದ್ದರು. ವರ್ಷಗಟ್ಟಲೆ ಸಹಿಸಿದ ಅವಳಿಗೆ ಒಂದು ದಿನ ಮೊಬೈಲಿನಲ್ಲಿ ಯಾರೋ ಯೋಗಗುರು ಶವಾಸನದ ಬಗ್ಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಮರುದಿನವೇ ಚಾಪೆ ಹಾಸಿ, ಊದುಬತ್ತಿ ಹಚ್ಚಿ, ಅಂಗಾತ ಮಲಗಿದಳು.

"ಶವಾಸನ, ಅತ್ತೆ. ಮೈಗೂ ಮನಸ್ಸಿಗೂ ಒಳ್ಳೇದಂತೆ."

ಮನೆಯ ರೀತಿಯೇ ಬದಲಾಯಿತು. ಗಂಡ ಫೋನಿನಲ್ಲಿ ದನಿ ತಗ್ಗಿಸಿದ. ಮಾವ ಟೀವಿ ಆರಿಸಿದ್ದಲ್ಲದೆ, "ನಮ್ಮ ಸೊಸೆ ಸಾಧನೆಯಲ್ಲಿದಾಳೆ" ಎಂದು ಪಕ್ಕದ ಮನೆಯವರ ಮುಂದೆ ಹೆಮ್ಮೆಪಟ್ಟರು. ಅತ್ತೆ ಮಾತ್ರ ಬಾಗಿಲ ಸಂದಿಯಿಂದ ಇಣುಕುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ವಾರಿಜಾ ಬೆಚ್ಚಿ ಕಣ್ಣು ತೆರೆದರೆ, ಅತ್ತೆ ತಲೆಯ ಹತ್ತಿರವೇ ನಿಂತಿದ್ದರು.

"ಗೊರಕೆ ಹೊಡೀತಿದ್ದೆ."

"ಅದು... ಪ್ರಾಣಾಯಾಮ, ಅತ್ತೆ."

"ಮತ್ತೆ ಜೊಲ್ಲು?"

ವಾರಿಜಾ ಸೆರಗಿನಿಂದ ಗಲ್ಲ ಒರೆಸಿಕೊಂಡಳು. ಇನ್ನು ಸುದ್ದಿ ಗಂಡನಿಗೆ, ಮಾವನಿಗೆ, ಪಕ್ಕದ ಮನೆಗೆ ಮುಟ್ಟುತ್ತದೆ. ನಾಳೆಯಿಂದ ಮತ್ತೆ ಅದೇ ಬೈಗುಳ.

ಅತ್ತೆ ಹೋಗಿ ಬಾಗಿಲಿನ ಚಿಲಕ ಹಾಕಿ ಬಂದರು. ಮಂಡಿ ಹಿಡಿದುಕೊಂಡು ಮೆಲ್ಲಗೆ ಚಾಪೆಯ ಅಂಚಿಗೆ ಕೂತರು.

"ಸ್ವಲ್ಪ ಆಚೆ ಸರಿ," ಎಂದರು. "ನಮ್ಮತ್ತೆ ಇದ್ದಾಗ ಈ ನಿದ್ದೆಗೆ ಇಂಥ ಒಳ್ಳೇ ಹೆಸರು ನಂಗೆ ಹೊಳೀಲೇ ಇಲ್ಲ ಕಣೆ."